ಸೈದಾಪೇಟೆಯ ಗ್ರೀಕ್ ಪಾಠ

ಮದ್ರಾಸಿನ ಗಿಂಡಿಯಲ್ಲಿ ಲೋಕಲ್ ರೈಲು ಹತ್ತಿದರೆ ಮೊದಲು ಸೈದಾಪೇಟೆ, ಆಮೇಲೆ ಮಾಂಬಳಂ. ನಮ್ಮ ಮನೆ ಇದ್ದದ್ದು ಪಶ್ಚಿಮ ಮಾಂಬಳಂನಲ್ಲಿ. ಗಿಂಡಿ ಎಸ್ಟೇಟಿನಲ್ಲಿ ವಾಲ್ವ್ ತಯಾರಿಸುವ ಒಂದು ಕಂಪನಿಯ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ನಾನು ಕೆಲಸಕ್ಕಿದ್ದೆ. ನಕ್ಷೆಗಳನ್ನು ನಂಬರಿನ ಪ್ರಕಾರ ಜೋಡಿಸಿಡುವುದು, ಕೇಳಿದವರಿಗೆ ತೆಗೆದುಕೊಡುವುದು. ಐದೂವರೆಗೆ ಆಫೀಸು ಬಿಟ್ಟರೆ ಆರೂಕಾಲಿಗೆಲ್ಲ ಮನೆಯಲ್ಲಿರಬೇಕು. ಇಪ್ಪತ್ತಾರು ವರ್ಷವಾದರೂ ಮದುವೆ ಗೊತ್ತಾಗದ ಮಗಳು ಐದು ನಿಮಿಷ ತಡಮಾಡಿದರೆ ಅಮ್ಮ ಗೇಟಿಗೆ ಬಂದು ನಿಂತಿರುತ್ತಿದ್ದಳು. ತೊಂಬತ್ತೊಂಬತ್ತನೇ ಇಸವಿಯ ಆಗಸ್ಟಿನಿಂದ ನಾನು ಪ್ರತಿ ಬುಧವಾರ, ಶನಿವಾರ ಸೈದಾಪೇಟೆಯಲ್ಲೇ ಇಳಿಯತೊಡಗಿದೆ. ಮನೆಯಲ್ಲಿ ಕಂಪ್ಯೂಟರ್ ಕ್ಲಾಸ್ ಎಂದಿದ್ದೆ. ಆ ವರ್ಷ ಯಾವ ಸುಳ್ಳಿಗೂ ಕಂಪ್ಯೂಟರ್ ಕ್ಲಾಸ್ ಸಾಕಾಗುತ್ತಿತ್ತು.

ಹೋಗುತ್ತಿದ್ದದ್ದು ಗ್ರೀಕ್ ಓದಲು. ಅದೂ ಕ್ರೈಸ್ತರ ನಾಲ್ಕು ಸುವಾರ್ತೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು, ಅದನ್ನು ಮೊದಲು ಬರೆದ ಭಾಷೆಯಲ್ಲೇ.

ನಾವು ತಂಜಾವೂರಿನ ಕಡೆಯಿಂದ ಬಂದ ಮಾಧ್ವರು. ಮನೆಯಲ್ಲಿ ಕನ್ನಡ, ಆದರೆ ಅರ್ಧ ಮಾತು ತಮಿಳು. ಅಪ್ಪ ರೈಲ್ವೆಯ ಸಿಗ್ನಲ್ ವಿಭಾಗದಿಂದ ನಿವೃತ್ತರಾಗಿ ಮೂರು ವರ್ಷವಾಗಿತ್ತು. ಬೆಳಿಗ್ಗೆ ಎರಡು ಗಂಟೆ ಪೂಜೆ, ಸಂಜೆ ಮಠದಲ್ಲಿ ಮಕ್ಕಳಿಗೆ ಸ್ತೋತ್ರಪಾಠ. ಅವರು ಗದರಿಸಿದ್ದು ನನಗೆ ನೆನಪೇ ಇಲ್ಲ. ಸಿಟ್ಟು ಬಂದರೆ ಸುಮ್ಮನಾಗಿಬಿಡುತ್ತಿದ್ದರು. ಆ ಮೌನಕ್ಕೆ ನಾನು ಚಿಕ್ಕಂದಿನಿಂದ ಹೆದರಿದವಳು.

ನನಗೆ ಗ್ರೀಕ್ ಕಲಿಸಿದ ಟೀಚರನ್ನು ನಾನು ಮೊದಲು ನೋಡಿದ್ದು ರೈಲಿನ ಲೇಡೀಸ್ ಕಂಪಾರ್ಟ್‌ಮೆಂಟಿನಲ್ಲಿ. ಎಪ್ಪತ್ತು ದಾಟಿದ ಹೆಂಗಸು, ಗಂಜಿ ಹಾಕಿದ ಬಿಳಿ ಸೀರೆ, ಕೈಯಲ್ಲಿ ದಪ್ಪ ಭೂತಗನ್ನಡಿ. ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದರು. ಪಕ್ಕದಲ್ಲಿ ನಿಂತಿದ್ದ ನನಗೆ ಗಾಜಿನೊಳಗೆ ದೊಡ್ಡದಾಗಿ ಒಂದು ಥೀಟಾ ಕಾಣಿಸಿತು, ಅದರ ಪಕ್ಕ ಪೈ. ನಾನು ಬಿಎಸ್‌ಸಿಯಲ್ಲಿ ಗಣಿತ ಓದಿದವಳು. ಲೆಕ್ಕವಿಲ್ಲದ ಸಾಲುಗಳಲ್ಲಿ ಆ ಅಕ್ಷರಗಳು ಏನು ಮಾಡುತ್ತಿವೆ ಎಂದು ತಿಳಿಯದೆ ತಮಿಳಿನಲ್ಲಿ, ಇದು ಮ್ಯಾಥ್ಸ್ ಪುಸ್ತಕವಾ ಎಂದು ಕೇಳಿದೆ. ಅವರು ನಕ್ಕು, ತಮ್ಮಷ್ಟಕ್ಕೆ ಕನ್ನಡದಲ್ಲಿ, "ಪಾಪ, ಲೆಕ್ಕ ಅಂದ್ಕೊಂಡಿದೆ ಹುಡುಗಿ," ಎಂದರು.

"ನೀವು ಕನ್ನಡದೋರಾ?" ಎಂದೆ.

ಹಾಸನದ ಕಡೆಯ ಕ್ರೈಸ್ತ ಮನೆತನ ಅವರದು. ಮದ್ರಾಸಿಗೆ ಬಂದು ನಲವತ್ತು ವರ್ಷ. ಪಾದ್ರಿಗಳಾಗುವವರಿಗೆ ಪಾಠ ಹೇಳುವ ಕಾಲೇಜಿನಲ್ಲಿ ಗ್ರೀಕ್ ಕಲಿಸಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗುತ್ತಿದ್ದವು. ನೋಟ ಸುತ್ತಲಿಂದಲೂ ಕಿರಿದಾಗುತ್ತ ಬಂದು, ಈಗ ಕೊಳವೆಯೊಳಗಿಂದ ನೋಡಿದಷ್ಟೇ ಉಳಿದಿತ್ತು. ಅದೂ ಹೆಚ್ಚೆಂದರೆ ಒಂದು ವರ್ಷ ಎಂದು ಡಾಕ್ಟರು ಹೇಳಿದ್ದರಂತೆ.

ಸೈದಾಪೇಟೆ ಬರುವ ಹೊತ್ತಿಗೆ ಅವರು, "ಇಳಿಯೋವಾಗ ಸ್ವಲ್ಪ ಕೈ ಹಿಡೀತೀರಾ? ಮೆಟ್ಟಿಲು ಕಾಣಲ್ಲ," ಎಂದರು. ನಾನೂ ಇಳಿದು ಅವರ ಮನೆಯವರೆಗೂ ಹೋದೆ. ಬಾಗಿಲಲ್ಲಿ ಅವರು ಹೇಳಿದ್ದು ಇಷ್ಟು: "ಕಣ್ಣಿರುವಾಗಲೇ ಇದನ್ನ ಪೂರ್ತಿ ಬಾಯಿಪಾಠ ಮಾಡ್ಕೋಬೇಕು ಅಂತಿದೀನಿ. ನಾನು ಹೇಳ್ತಾ ಹೋದ್ರೆ ಪುಸ್ತಕ ನೋಡ್ಕೊಂಡು ತಪ್ಪು ತೋರಿಸೋರು ಒಬ್ರು ಬೇಕು. ನಮ್ಮ ಚರ್ಚಿನ ಮಕ್ಕಳಿಗೆ ಈ ಅಕ್ಷರ ಬರಲ್ಲ. ನಿಮಗೆ ಅರ್ಧ ಆಗಲೇ ಬರತ್ತೆ."

ನಾನು ಯಾಕೆ ಒಪ್ಪಿಕೊಂಡೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ದೇವರ ವಿಷಯವಂತೂ ಅಲ್ಲ. ನನಗೆ ಬರುವ ಏನನ್ನಾದರೂ ಯಾರಾದರೂ ಬೇಕು ಎಂದು ಕೇಳಿದ್ದು ಅದೇ ಮೊದಲು.

ಪಾಠ ಶುರುವಾಯಿತು. ಅಕ್ಷರ ಕಲಿಯಲು ಎರಡು ವಾರ ಸಾಕಾಯಿತು. ಉಚ್ಚಾರಣೆ ಬರೆದುಕೊಳ್ಳಲು ತಮಿಳು ಲಿಪಿಯಲ್ಲಿ ಆಗುವುದಿಲ್ಲ, ಅಲ್ಲಿ ತ, ಥ, ದ ಎಲ್ಲಕ್ಕೂ ಒಂದೇ ಅಕ್ಷರ. ಇಂಗ್ಲಿಷೂ ಬೇಡ ಎಂದರು ಟೀಚರ್. "ಥೀಟಾಗೆ ನಮ್ಮ ಥ ಇದೆ, ಫೈಗೆ ಫ ಇದೆ. ಕನ್ನಡದಲ್ಲೇ ಬರ್ಕೋ. ಬಿಳಿಯರಿಗಿಂತ ಚೆನ್ನಾಗಿ ಹೇಳ್ತೀಯ." ಆ ಹೊತ್ತಿಗೆ 'ನೀವು' ಹೋಗಿ 'ನೀನು' ಬಂದಿತ್ತು. ಅಜ್ಜಿ ಕಲಿಸಿದ ನನ್ನ ಹರಕು ಮುರುಕು ಕನ್ನಡ ಬರವಣಿಗೆ ಹೀಗೆ ಕೆಲಸಕ್ಕೆ ಬಂತು. ಉದ್ದನೆಯ ಒಂದು ನೋಟ್‌ಬುಕ್ಕಿನಲ್ಲಿ ಮೇಲೆ ಗ್ರೀಕ್ ಸಾಲು, ಕೆಳಗೆ ಕನ್ನಡ ಅಕ್ಷರದಲ್ಲಿ ಅದೇ ಸಾಲು, ಪುಟದಿಂದ ಪುಟಕ್ಕೆ ಬರೆಯುತ್ತ ಹೋದೆ.

ಆ ಸುವಾರ್ತೆಯಲ್ಲಿ ವಾಕ್ಯದ ಮೇಲೆ ವಾಕ್ಯ 'ಕೈ' ಎಂದೇ ಶುರುವಾಗುತ್ತದೆ. ಗ್ರೀಕಿನಲ್ಲಿ 'ಕೈ' ಎಂದರೆ 'ಮತ್ತು'. ಬರೆದವನಿಗೆ ಉಸಿರಾಡಲೂ ಪುರುಸೊತ್ತಿಲ್ಲ, ಮತ್ತು, ಮತ್ತು, ಮತ್ತು ಎಂದು ಓಡುತ್ತಾನೆ ಎನ್ನುತ್ತಿದ್ದರು ಟೀಚರ್. ಓಡುತ್ತಿದ್ದದ್ದು ಅವರೂ ಹೌದು. ಒಂದು ಸಂಜೆ ಹೇಳುತ್ತ ಹೇಳುತ್ತ ನಿಂತು, "ನಿನ್ನ ಬಲಗೈ ಎಲ್ಲಿದೆ?" ಎಂದು ಕೇಳಿದರು. ನನ್ನ ಬಲಗೈ ಅವರ ಮುಂದಿನ ಮೇಜಿನ ಮೇಲೇ ಇತ್ತು. "ಹೋದ ವಾರ ಕಾಣ್ತಿತ್ತು," ಎಂದರು. ಆವತ್ತು ಮುಂದೆ ಪಾಠ ನಡೆಯಲಿಲ್ಲ.

ನನ್ನ ಹೆದರಿಕೆಯೇ ಬೇರೆ. ಸೈದಾಪೇಟೆಯಲ್ಲಿ ಇಳಿಯುವಾಗ ಕಂಪಾರ್ಟ್‌ಮೆಂಟಿನ ಕಡೆ ತಿರುಗಿ ನೋಡುತ್ತಿರಲಿಲ್ಲ, ಯಾರಾದರೂ ಗುರುತಿನವರು ಇದ್ದರೆ ನನ್ನ ಮುಖ ಕಾಣಬಾರದು ಎಂದು. ಪುಸ್ತಕವನ್ನು ಟೀಚರ ಮನೆಯಲ್ಲೇ ಬಿಟ್ಟು ಬರುತ್ತಿದ್ದೆ. ನೋಟ್‌ಬುಕ್ಕನ್ನು ಮಾತ್ರ ಕಂದು ಕಾಗದ ಹಾಕಿ ಮನೆಗೆ ತರುತ್ತಿದ್ದೆ. ಅಕ್ಟೋಬರಿನಲ್ಲಿ ಅಂಬತ್ತೂರಿನ ಒಂದು ಮನೆಯಿಂದ ನನ್ನನ್ನು ನೋಡಲು ಬಂದರು. ಹುಡುಗ ಇಂಜಿನಿಯರ್. ಅವನ ತಾಯಿ, "ಕಂಪ್ಯೂಟರ್ ಕ್ಲಾಸ್ ಎಲ್ಲಿ ಹೋಗ್ತೀಯಮ್ಮಾ?" ಎಂದು ಕೇಳಿದಾಗ ಹಿಡಿದಿದ್ದ ತಟ್ಟೆಯನ್ನು ಮೊದಲು ಅವರ ಮುಂದೆ ಚಾಚಿದೆ. ಸೈದಾಪೇಟೆ ಎಂದೆ. ಅಷ್ಟಾದರೂ ನಿಜವಾಗಿತ್ತು. ಅವರು ಹೋದ ಮೇಲೆ ಒಂದು ತಿಂಗಳಾದರೂ ಸುದ್ದಿ ಬರಲಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಹಾಸಿಗೆ ಮಡಿಸುವಾಗ ನನ್ನ ದಿಂಬಿನ ಕೆಳಗೆ ಒಂದು ನಿಂಬೆಹಣ್ಣು ಸಿಕ್ಕಿತು. ನಡುವೆ ಕುಂಕುಮ ಹಚ್ಚಿ, ಕಪ್ಪು ದಾರ ಸುತ್ತಿತ್ತು. ಕೈಯಿಂದ ಜಾರಿ ನೆಲದ ಮೇಲೆ ಉರುಳಿ ಬೀರುವಿನ ಕೆಳಗೆ ಹೋಯಿತು. ನಾನು ಗೋಡೆಗೆ ಒರಗಿ ನಿಂತುಬಿಟ್ಟೆ. ಗಣಿತ ಓದಿದ್ದು, ಗ್ರೀಕ್ ಓದಿದ್ದು ಒಂದೂ ಆ ಕ್ಷಣ ಕೆಲಸಕ್ಕೆ ಬರಲಿಲ್ಲ. ಯಾರೋ ನನಗೆ ಮಾಟ ಮಾಡಿಸಿದ್ದಾರೆ ಎಂದೇ ನಂಬಿದೆ. ಅಂಬತ್ತೂರಿನವರು? ಪಕ್ಕದ ಮನೆಯವರು? ಇಲ್ಲ, ನಾನು ಮಾಡುತ್ತಿರುವ ಕಳ್ಳತನಕ್ಕೆ ನಮ್ಮ ದೇವರೇ ಕೊಟ್ಟ ಶಿಕ್ಷೆಯೇ? ಅಮ್ಮನಿಗೆ ಹೇಳಿದರೆ ಅವಳು ಹೆದರಿ ಸಾಯುತ್ತಾಳೆ ಎಂದು ಹೇಳಲಿಲ್ಲ. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳ ಮುಖವೂ ಬಿಳಿಚಿಕೊಂಡಿತ್ತು. ಅದು ಯಾಕೆಂದು ನನಗೆ ಹೊಳೆಯಲಿಲ್ಲ.

ಹತ್ತು ದಿನ ಹಾಗೇ ಕಳೆಯಿತು. ಅಮ್ಮ ನನಗೆ ಊಟ ಬಡಿಸುವಾಗ ತುಟಿ ಅಲುಗಿಸಿ ಏನೋ ಜಪಿಸುತ್ತಿದ್ದಳು. ನನ್ನ ತೋಳಿಗೆ ಒಂದು ದಾರ ಕಟ್ಟಿ, "ಸುಮ್ಮಾ ಇರ್ಲಿ ಕಣ್ಣಾ, ಬಿಚ್ಚಬೇಡ," ಎಂದಳು. ನಾನು ರಾತ್ರಿ ದಿಂಬು ಎತ್ತಿ ನೋಡದೆ ಮಲಗುತ್ತಿರಲಿಲ್ಲ. ಆ ಶನಿವಾರ ಆಫೀಸಿಗೆ ರಜೆಯಿತ್ತು, ಮನೆಯಿಂದಲೇ ಪಾಠಕ್ಕೆ ಹೊರಡುವಾಗ ನೋಡಿದರೆ ಬೀರುವಿನಲ್ಲಿ ನೋಟ್‌ಬುಕ್ ಇರಲಿಲ್ಲ. ಬಟ್ಟೆಗಳನ್ನೆಲ್ಲ ಕೆಳಗೆ ಎಳೆದುಹಾಕಿ ಹುಡುಕುತ್ತಿದ್ದಾಗ ಹಾಲಿನಿಂದ ಅಪ್ಪ ಕರೆದರು.

ನೋಟ್‌ಬುಕ್ ಅವರ ತೊಡೆಯ ಮೇಲಿತ್ತು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಒಳಗೆ ಬರಲೊಲ್ಲಳು.

"ಯಾರ್ ಕೊಟ್ರು ಇದನ್ನ ನಿನಗೆ?" ಎಂದಳು ಅಮ್ಮ. "ನವರಾತ್ರಿಗೆ ಬೀರು ಕ್ಲೀನ್ ಪಣ್ಣೋವಾಗ ಸಿಕ್ತು. ಏನೋ ಸ್ತೋತ್ರ ಅಂದ್ಕೊಂಡು ದೀಪದ ಮುಂದೆ ಕೂತು ಓದಿಬಿಟ್ಟೆ. ಅರ್ಧ ಪುಟ ಓದಿದ ಮೇಲೆ ಮೈಯೆಲ್ಲ ಜುಮ್ ಅಂತು. ಒಂದ್ ಮಾತೂ ನಮ್ಮದಲ್ಲ. ಎಲ್ಲಾ ಕಡೆ ಕೈ, ಕೈ, ಕೈ ಅಂತ ಬರ್ದಿದೆ. ನನ್ನ ಮಗಳ, ನನ್ನ ಪೊಣ್ಣಿನ ಕೈಯನ್ನ ಯಾರೂ ಹಿಡೀಬಾರ್ದು ಅಂತ ಕಟ್ಟು ಹಾಕಿದಾರೆ. ಅದಕ್ಕೇ ಅಂಬತ್ತೂರಿನೋರು ಸುದ್ದಿ ಕಳಿಸ್ಲಿಲ್ಲ." ಅವಳು ಅಳತೊಡಗಿದಳು. "ನಾನೇ ನನ್ನ ಬಾಯಾರೆ ಓದಿಬಿಟ್ಟೆನಲ್ಲ, ಪಾವಿ ನಾನು, ಪಾಪಿ!"

ಆ ಮಾಟ ತೆಗೆಯಲೆಂದು ದಿಂಬಿನ ಕೆಳಗೆ ನಿಂಬೆಹಣ್ಣು ಇಟ್ಟದ್ದು ಅಮ್ಮ. ಎರಡು ತಿಂಗಳು ಅವಳು ನನಗೆ ಯಾರೋ ಮಾಡಿಸಿದ ಮಾಟಕ್ಕೆ ಹೆದರಿದ್ದಳು. ನಾನು ಹತ್ತು ದಿನ ಅವಳ ಪರಿಹಾರಕ್ಕೆ ಹೆದರಿದ್ದೆ. ಈಗ ಬರೆಯುವಾಗ ನಗು ಬರುತ್ತದೆ.

ಅಪ್ಪ ನೋಟ್‌ಬುಕ್ ತೆರೆದು ಮೇಲಿನ ಸಾಲಿನ ಮೇಲೆ ಬೆರಳಿಟ್ಟರು. "ಇದು ಆಲ್ಫಾ. ಇದು ಲಾಮ್ಡಾ. ಮಾಟ ಅಲ್ಲ, ಗ್ರೀಕ್. ಯಾವ ಪುಸ್ತಕ?"

ಹೇಳಿದೆ. ರೈಲಿನಿಂದ ಹಿಡಿದು ಎಲ್ಲ ಹೇಳಿದೆ. ಅಮ್ಮನಿಗೆ ಮಾಟವೇ ವಾಸಿ ಅನ್ನಿಸಿರಬೇಕು. "ಮತ ಮಾರಿ ಅವರ ಜೊತೆ ಸೇರಿಬಿಟ್ಟಳಾ?" ಎಂದು ಅಪ್ಪನನ್ನು ಕೇಳಿದಳು, ನನ್ನನ್ನಲ್ಲ.

"ಇಲ್ಲಮ್ಮಾ. ನಾನು ತಪ್ಪು ನೋಡ್ತೀನಿ ಅಷ್ಟೇ. ಅವರು ಹೇಳ್ತಾರೆ, ನಾನು ನೋಡ್ತೀನಿ."

ಅಪ್ಪ ನೋಟ್‌ಬುಕ್ ಮುಚ್ಚಿ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಎದ್ದು ಶರಟು ಹಾಕಿಕೊಂಡು, "ನಡಿ, ನಾನೂ ಬರ್ತೀನಿ," ಎಂದರು.

ಮಾಂಬಳಂನಿಂದ ಸೈದಾಪೇಟೆಗೆ ಮೂರು ನಾಲ್ಕು ನಿಮಿಷ. ಅಷ್ಟು ದೂರದ ಪ್ರಯಾಣ ನಾನು ಮತ್ತೆ ಮಾಡಿಲ್ಲ. ಅಪ್ಪ ಟೀಚರಿಗೆ ಏನೆನ್ನುತ್ತಾರೋ, ಅವರ ಮನೆಯ ಗೋಡೆಯ ಮೇಲಿನ ಶಿಲುಬೆ ನೋಡಿ ಬಾಗಿಲಲ್ಲೇ ನಿಂತುಬಿಡುತ್ತಾರೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ.

ಟೀಚರ್ ವೆರಾಂಡದಲ್ಲಿದ್ದರು. ಕಣ್ಣು ಆಗಲೇ ಬಹಳ ಮಟ್ಟಿಗೆ ಹೋಗಿತ್ತು. "ಇಬ್ರು ಬಂದ್ರಾ? ಇನ್ನೊಬ್ರು ಯಾರು?" ಎಂದರು. ಅಪ್ಪ ತಾವೇ, "ಹುಡುಗಿಯ ತಂದೆ," ಎಂದರು.

"ಕೂತ್ಕೊಳ್ಳಿ ಸ್ವಾಮಿ. ನಿಮ್ಮನ್ನ ಕೇಳದೆ ಅವಳನ್ನ ಬರಿಸ್ಕೊಂಡಿದ್ದು ನನ್ನ ತಪ್ಪು. ಕೇಳಿದ್ರೆ ನೀವು ಬೇಡ ಅಂತೀರಿ ಅಂತ ನನಗೆ ಗೊತ್ತಿತ್ತು. ನನಗೆ ಸಮಯ ಇರ್ಲಿಲ್ಲ." ಅವರ ದನಿಯಲ್ಲಿ ಮೇಷ್ಟರ ಗತ್ತಿರಲಿಲ್ಲ. ಅವರೂ ಹೆದರಿದ್ದರು. ಅಪ್ಪ ನನ್ನನ್ನು ಕರೆದುಕೊಂಡು ಹೋಗಿಬಿಡುತ್ತಾರೆ ಎಂದು.

ಅಪ್ಪ ವೆರಾಂಡದ ಬೆಂಚಿನ ತುದಿಯಲ್ಲಿ ಕೂತರು. ನೀರು ಬೇಡ ಎಂದರು. "ಎಲ್ಲಿವರೆಗೆ ಆಗಿದೆ?"

"ಕೊನೇ ಅಧ್ಯಾಯ. ಎಂಟು ವಾಕ್ಯ."

"ಹೇಳಿ," ಎಂದರು ಅಪ್ಪ.

ಟೀಚರ್ ಕೈ ಮಡಚಿಕೊಂಡು ಶುರು ಮಾಡಿದರು. ನಾನು ಪುಸ್ತಕ ತೆರೆದೆ, ಆದರೆ ಸಾಲುಗಳು ಕಣ್ಣ ಮುಂದೆ ಒಂದರೊಳಗೊಂದು ಸೇರಿಕೊಂಡವು. ಎರಡನೇ ವಾಕ್ಯದಲ್ಲೋ ಮೂರನೆಯದರಲ್ಲೋ ತಪ್ಪಿತು ಅನ್ನಿಸಿತು, ಸಾಲು ಹುಡುಕತೊಡಗಿದೆ. ಅಷ್ಟರಲ್ಲಿ ಬೆಂಚಿನ ತುದಿಯಿಂದ ಅಪ್ಪ ಗಂಟಲು ಸರಿಮಾಡಿಕೊಂಡ ಸದ್ದು. ಅವರು ನನ್ನ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು, ಕೆಳಗಿನ ಕನ್ನಡ ಸಾಲಿನ ಮೇಲೆ ಬೆರಳೋಡಿಸುತ್ತ ಕೂತಿದ್ದರು. ಮಠದ ಪಾಠದಲ್ಲಿ ಮಕ್ಕಳ ತಪ್ಪು ಹಿಡಿಯುವಾಗ ಕೂರುವ ಹಾಗೆಯೇ.

"ಅಮ್ಮಾ, ಒಂದು ಕೈ ಬಿಟ್ಟುಹೋಯ್ತು," ಎಂದರು.

ಟೀಚರ್ ನಿಂತರು. "ಎಲ್ಲಿ?"

ಅಪ್ಪ ಆ ಸಾಲನ್ನು ಓದಿದರು. ಒಂದಕ್ಷರವೂ ಅರ್ಥವಾಗದ ಭಾಷೆಯನ್ನು, ಹ್ರಸ್ವ ದೀರ್ಘ ತಪ್ಪದೆ, ಸ್ತೋತ್ರದ ರಾಗ ಸ್ವಲ್ಪ ಸೇರಿಸಿ. ಟೀಚರ್ ತಲೆದೂಗಿ, "ಹೌದು, ಹೌದು," ಎಂದು ಮತ್ತೆ ಮೊದಲಿನಿಂದ ಹೇಳಿದರು.

ಮುಗಿದ ಮೇಲೆ ಅಪ್ಪ, "ಕೊನೆಯಲ್ಲಿ ಏನಾಗತ್ತೆ?" ಎಂದು ಕೇಳಿದರು.

"ಸಮಾಧಿಗೆ ಹೆಂಗಸರು ಹೋಗ್ತಾರೆ. ಅಲ್ಲಿ ಅವನ ದೇಹ ಇರಲ್ಲ. ಎದ್ದಿದಾನೆ, ಹೋಗಿ ಅವನ ಶಿಷ್ಯರಿಗೆ ಹೇಳಿ ಅಂತ ಒಳಗೆ ಕೂತಿದ್ದ ಒಬ್ಬ ಯುವಕ ಅವರಿಗೆ ಹೇಳ್ತಾನೆ. ಅವರು ನಡುಗಿ ಓಡಿಹೋಗ್ತಾರೆ, ಯಾರಿಗೂ ಏನೂ ಹೇಳಲ್ಲ, ಭಯ. ತುಂಬ ಹಳೇ ಪ್ರತಿಗಳಲ್ಲಿ ಅಲ್ಲಿಗೇ ನಿಂತುಹೋಗತ್ತೆ ಸ್ವಾಮಿ. ಓದಿದೋರಿಗೆ ತಡ್ಕೊಳ್ಳೋಕೆ ಆಗ್ಲಿಲ್ಲ, ಮುಂದಿನೋರು ಇನ್ನಷ್ಟು ಸೇರಿಸಿದರು. ನಾನು ಹಳೇದರಲ್ಲಿ ಎಷ್ಟಿದೆಯೋ ಅಷ್ಟೇ ಕಲೀತೀನಿ."

ಅಪ್ಪ ನೋಟ್‌ಬುಕ್ ಮುಚ್ಚಿ ನನ್ನ ಕೈಗೆ ಕೊಟ್ಟರು. ಹೊರಡುವಾಗ ಕೈ ಮುಗಿದರು. ಅವರಿಗೆ ಕಾಣುವುದಿಲ್ಲ ಎಂದು ನೆನಪಾಗಿ, "ನಮಸ್ಕಾರ ಮಾಡ್ತಿದೀನಿ," ಎಂದು ಬಾಯಲ್ಲೂ ಹೇಳಿದರು. ನನ್ನ ಎದೆ ಹಗುರಾಯಿತು. ಎಲ್ಲ ಸರಿಹೋಯಿತು ಎಂದುಕೊಂಡೆ.

ಪ್ಲಾಟ್‌ಫಾರಂ ಮೇಲೆ ಅಪ್ಪ ಹೇಳಿದರು: "ಒಳ್ಳೇ ಹೆಂಗಸು. ವಿದ್ವತ್ತಿದೆ. ಆದ್ರೆ ನೀನು ಇನ್ನು ಹೋಗಬೇಡ."

"ಯಾಕಪ್ಪಾ?"

"ನೀನು ಮತ ಬದಲಾಯಿಸ್ತೀಯ ಅಂತಲ್ಲ. ಜನ ನೋಡ್ತಾರೆ, ಮಾತಾಡ್ತಾರೆ. ನಿನ್ನ ಅಮ್ಮ ತಡ್ಕೊಳ್ಳಲ್ಲ. ನನಗೂ ಭಯಮ್ಮಾ." ಅಪ್ಪನ ಬಾಯಿಂದ ಆ ಮಾತು ಕೇಳಿದ್ದು ಅದೊಂದೇ ಸಲ. ರೈಲು ಬಂತು. ನಾನು ಸರಿ ಎಂದೆ.

ಹತ್ತು ವಾರ ಹೋಗಲಿಲ್ಲ. ಹೊಸ ಸಹಸ್ರಮಾನ ಬಂತೆಂದು ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ದಿನಾ ರೈಲು ಸೈದಾಪೇಟೆಯಲ್ಲಿ ನಿಂತಾಗ ನಾನು ಇನ್ನೊಂದು ಕಡೆಯ ಕಿಟಕಿ ನೋಡುತ್ತಿದ್ದೆ. ಅವರಿಗೆ ಫೋನಿರಲಿಲ್ಲ. ಬರುವುದಿಲ್ಲ ಎಂದು ಹೇಳಿಬರುವ ಧೈರ್ಯವೂ ನನಗಿರಲಿಲ್ಲ. ಫೆಬ್ರವರಿಯಲ್ಲಿ ಒಂದು ಸಂಜೆ ಕಾಲು ತಾನಾಗಿ ಇಳಿದುಬಿಟ್ಟಿತು. ಅವರು ವೆರಾಂಡದಲ್ಲಿ ಬೀದಿಯ ಕಡೆ ಮುಖಮಾಡಿ ಕೂತಿದ್ದರು. ಭೂತಗನ್ನಡಿ ಇರಲಿಲ್ಲ, ಪುಸ್ತಕವೂ ಇರಲಿಲ್ಲ. ಗೇಟಿನ ಕೊಂಡಿಗೆ ಕೈ ಹಾಕಿದ ಸದ್ದಿಗೆ ತಲೆ ಎತ್ತಿದರು.

"ಯಾರದು?"

ನಾಲ್ಕು ಮೊಳ ದೂರದಲ್ಲಿ ನಿಂತು ನಾನು ಉಸಿರು ಬಿಗಿಹಿಡಿದೆ. ನನ್ನ ಕಡೆಗೇ ನೋಡುತ್ತಿದ್ದಾರೆ, ನಾನು ಕಾಣುತ್ತಿಲ್ಲ. "ಯಾರದು? ನೀನೇನಾ?" ಎಂದು ಮತ್ತೆ ಕೇಳಿದರು. ಏನೆಂದು ಹೇಳಲಿ? ಇಷ್ಟು ದಿನ ಎಲ್ಲಿದ್ದೆ ಎಂದರೆ? ಕೊಂಡಿಯಿಂದ ಮೆಲ್ಲಗೆ ಕೈ ತೆಗೆದು, ಚಪ್ಪಲಿ ಸದ್ದಾಗದ ಹಾಗೆ ಹೆಜ್ಜೆಯಿಟ್ಟು, ತಿರುವಿನವರೆಗೆ ನಡೆದು, ಅಲ್ಲಿಂದ ಸ್ಟೇಷನ್ನಿಗೆ ಓಡಿದೆ. ಕುರುಡಾದ ಮುದುಕಿಯಿಂದ ಓಡಿಹೋದೆ. ನನ್ನ ಜೀವನದಲ್ಲಿ ನಾಚಿಕೆಪಡುವ ಕೆಲಸ ಬೇರೆಯೂ ಮಾಡಿದ್ದೇನೆ. ಆದರೆ ಮೊದಲು ನೆನಪಾಗುವುದು ಇದು.

ಮುಂದಿನ ಶನಿವಾರ ಬೆಳಿಗ್ಗೆ ಅಪ್ಪನ ಪೂಜೆ ಮುಗಿಯುವುದನ್ನೇ ಕಾದಿದ್ದು, ಅಮ್ಮನಿಗೂ ಕೇಳುವ ಹಾಗೆ ಹೇಳಿದೆ: "ಇವತ್ತು ಸೈದಾಪೇಟೆಗೆ ಹೋಗ್ತೀನಿ. ಬರೋದು ಏಳಾಗತ್ತೆ."

ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಮಡಿವಸ್ತ್ರ ಮಡಚುತ್ತ ಮಡಚುತ್ತ ನಿಂತರು. ಇನ್ನು ಎಷ್ಟು ದಿನ ಮಾತಾಡುವುದಿಲ್ಲವೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ. "ಏಳರ ಮೇಲೆ ಆಗಬಾರದು," ಎಂದರು. ಅಮ್ಮ ಅಡಿಗೆಮನೆಗೆ ಹೋಗಿ ಪಾತ್ರೆ ಕುಕ್ಕಿದಳು, ತಿಂಗಳುಗಟ್ಟಲೆ ಕುಕ್ಕಿದಳು, ಆದರೆ ತಡೆಯಲಿಲ್ಲ.

ಟೀಚರ್ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಹೋದ ವಾರ ಗೇಟಿನ ಹತ್ರ ಬಂದಿದ್ಯಾ?"

"ಹೂಂ, ಟೀಚರ್."

"ಕಳ್ಳರೋ ಏನೋ ಅಂತ ಹೆದರ್ಕೊಂಡು ಒಳಗೆ ಹೋಗಿ ಬೋಲ್ಟ್ ಹಾಕ್ಕೊಂಡೆ ಕಣೆ. ಇನ್ನು ಮೇಲೆ ಬಂದ್ರೆ ಒಂದು ಮಾತು ಹೇಳು." ಅಷ್ಟು ಹೇಳಿ ಪುಸ್ತಕ ತರಲು ಒಳಗೆ ಕಳಿಸಿದರು.

ಹೋಳಿಹಬ್ಬ ಕಳೆದು ಬಿಸಿಲು ಏರುವ ಹೊತ್ತಿಗೆ ಅವರು ಆ ಸುವಾರ್ತೆಯನ್ನು ಮೊದಲಿನಿಂದ ಕೊನೆಯವರೆಗೆ, ಎರಡು ಸಂಜೆಗಳಲ್ಲಿ, ತಪ್ಪಿಲ್ಲದೆ ಹೇಳಿದರು. ಕಣ್ಣಿಗೆ ಬೆಳಕು ಬಂದದ್ದು ಹೋದದ್ದು ಮಾತ್ರ ಗೊತ್ತಾಗುತ್ತಿತ್ತು. ಮುಗಿಸಿ, ನೀರು ಕುಡಿದು, "ಮುಂದಿನ ಸುವಾರ್ತೆ ಇದಕ್ಕಿಂತ ಉದ್ದ. ನಿನ್ನ ಬಾಯಿಂದ ಕೇಳಿ ಕೇಳಿ ಕಲೀಬೇಕಾಗತ್ತೆ. ಆಗತ್ತಾ?" ಎಂದರು.

ನನ್ನ ಮದುವೆ ಅದಾಗಿ ಎರಡು ವರ್ಷದ ಮೇಲೆ ಬೇರೆ ಕಡೆ ಗೊತ್ತಾಗಿ ನಡೆಯಿತು. ಗಂಡನಾಗುವವನಿಗೆ ಎಲ್ಲ ಮೊದಲೇ ಹೇಳಿದ್ದೆ. ಅವನು ಟೀಚರ ಕಣ್ಣಿನ ಬಗ್ಗೆಯಷ್ಟೇ ವಿಚಾರಿಸಿದ. ಹೊಸ ಸುವಾರ್ತೆಯನ್ನು ಕೇಳಿ ಕಲಿಯುವುದು ನಿಧಾನ, ಆ ಹೊತ್ತಿಗೆ ನಾವು ಮೂರನೇ ಅಧ್ಯಾಯದಲ್ಲಿದ್ದೆವು. ನಾನು ಗಂಡನ ಮನೆಗೆ, ಊರಿನ ಇನ್ನೊಂದು ತುದಿಗೆ ಹೋದ ಮೇಲೆ ತಿಂಗಳಿಗೊಮ್ಮೆ ಬರುತ್ತಿದ್ದೆ. ಐದನೆಯ ಅಧ್ಯಾಯ ಅರ್ಧವಾಗಿದ್ದಾಗ ಅವರು ಆಸ್ಪತ್ರೆ ಸೇರಿದರು. ಸುದ್ದಿ ತಿಳಿದು ನಾನು ಹೋದಾಗ ಮಾತು ನಿಂತಿತ್ತು. ಹಾಸಿಗೆಯ ಪಕ್ಕ ಕೂತು, ನಿಲ್ಲಿಸಿದಲ್ಲಿಂದ ಗ್ರೀಕ್ ಸಾಲುಗಳನ್ನು ಗಟ್ಟಿಯಾಗಿ ಓದತೊಡಗಿದೆ. ವಾರ್ಡಿನಲ್ಲಿ ಎಲ್ಲರೂ ತಿರುಗಿ ನೋಡಿದರು. ನಾನು ಇನ್ನೊಂದು ಪುಟ ಓದಿದೆ.